ಒಂದು ಗ್ಯಾಲಕ್ಸಿಯಲ್ಲಿ ಅನಿಲ ಎಷ್ಟು, ನಕ್ಷತ್ರ ಎಷ್ಟು? ನೀವೇ ಲೆಕ್ಕ ಹಾಕುವ ಬಗೆ

ಗ್ಯಾಲಕ್ಸಿಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ಅಷ್ಟು ದೂರದ ಗ್ಯಾಲಕ್ಸಿಯಲ್ಲಿ ಇಷ್ಟು ಸಾವಿರ ಕೋಟಿ ಸೂರ್ಯರಷ್ಟು ಅನಿಲ ಇದೆ ಅಂತ ಬರೆಯುತ್ತೀರಲ್ಲ, ಅದನ್ನು ತೂಗಿದವರು ಯಾರು? ನಾವೂ ಲೆಕ್ಕ ಹಾಕಬಹುದಾ?" ಹಾಕಬಹುದು. ದೂರದರ್ಶಕ ಬೇಡ, ಒಂದು ಕ್ಯಾಲ್ಕುಲೇಟರ್ ಸಾಕು. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೂ, ಸುಮ್ನೆ ಕುತೂಹಲಕ್ಕೆ ಕೂತವರಿಗೂ ಆಗುವ ಹಾಗೆ ಒಂದೊಂದೇ ಹಂತ ಹೇಳುತ್ತೇನೆ.

ಈ ಲೆಕ್ಕ ಯಾಕೆ ಬೇಕು? ಅನಿಲ ಅಂದರೆ ಹಿಟ್ಟು, ನಕ್ಷತ್ರ ಅಂದರೆ ರೊಟ್ಟಿ. ಡಬ್ಬದಲ್ಲಿ ಎಷ್ಟು ಹಿಟ್ಟು ಉಳಿದಿದೆ, ಈಗಾಗಲೇ ಎಷ್ಟು ರೊಟ್ಟಿ ಆಗಿದೆ ಅಂತ ಗೊತ್ತಾದರೆ ಆ ಅಡುಗೆಮನೆಯ ಕಥೆ ಅರ್ಧ ತಿಳಿದ ಹಾಗೆ.

ಮೊದಲೇ ಒಂದು ಮಾತು. ದ್ರವ್ಯರಾಶಿ ಅನ್ನಬೇಕಾದ ಕಡೆಯೆಲ್ಲ ನಾನು ತೂಕ ಅಂತಲೇ ಬರೆಯುತ್ತೇನೆ. ಫಿಸಿಕ್ಸ್ ಮೇಷ್ಟ್ರುಗಳು ಕ್ಷಮಿಸಬೇಕು. ತೂಕದ ಅಳತೆಗೋಲು ನಮ್ಮ ಸೂರ್ಯ. "1,000 ಕೋಟಿ" ಅಂದರೆ 1,000 ಕೋಟಿ ಸೂರ್ಯರಷ್ಟು ತೂಕ.

ಏನೇನು ಬೇಕು

ನಾಲ್ಕು ಅಂಕಿ ಬೇಕು: ಗ್ಯಾಲಕ್ಸಿಯ ದೂರ, ಅವಗೆಂಪು ಬೆಳಕಿನಲ್ಲಿ ಅದರ ಹೊಳಪು, ಜಲಜನಕದ 21 ಸೆಂಟಿಮೀಟರ್ ರೇಡಿಯೊ ಸಂಕೇತದ ಒಟ್ಟು ಬಲ, ಕಾರ್ಬನ್ ಮಾನಾಕ್ಸೈಡ್‌ನ ಸಂಕೇತದ ಬಲ. ಎಲ್ಲವೂ ಪುಕ್ಕಟೆ ಸಿಗುತ್ತವೆ. ಹತ್ತಿರದ ಗ್ಯಾಲಕ್ಸಿಗಳ ಮಾಹಿತಿಗೆ ನಾಸಾದ ನೆಡ್ ಅನ್ನುವ ದತ್ತಕೋಶ ಇದೆ. 34 ಗ್ಯಾಲಕ್ಸಿಗಳ ಜಲಜನಕದ ನಕ್ಷೆಗೆ ಥಿಂಗ್ಸ್ ಸಮೀಕ್ಷೆ ಇದೆ. ಅದನ್ನು ಮಾಡಿದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ವಿಎಲ್‌ಎ ರೇಡಿಯೊ ದೂರದರ್ಶಕದಿಂದ, ಫಲಿತಾಂಶ ಹೊರಬಂದದ್ದು 2008ರಲ್ಲಿ. 175 ಗ್ಯಾಲಕ್ಸಿಗಳ ಹೊಳಪು, ಅನಿಲ, ತಿರುಗುವ ವೇಗ ಒಂದೇ ಕಡೆ ಬೇಕಾದರೆ 2016ರ ಸ್ಪಾರ್ಕ್ ಪಟ್ಟಿ ಇದೆ. ಹೊಸಬರು ಸ್ಪಾರ್ಕ್‌ನಿಂದ ಶುರು ಮಾಡಿ. ಲೆಕ್ಕ ಹಾಕಿದ ಮೇಲೆ ಉತ್ತರ ತಾಳೆ ನೋಡುವುದಕ್ಕೂ ಅದೇ ಆಗುತ್ತದೆ.

"ಮನೆ ತಾರಸಿ ಮೇಲೆ ಆಂಟೆನಾ ಕಟ್ಟಿ 21 ಸೆಂಟಿಮೀಟರ್ ಹಿಡಿಯಬಹುದಂತಲ್ಲ?" ಅಂತ ಕೇಳುವವರಿದ್ದಾರೆ. ಹಿಡಿಯಬಹುದು, ಆದರೆ ಕೇಳಿಸುವುದು ನಮ್ಮ ಆಕಾಶಗಂಗೆಯ ಜಲಜನಕ ಮಾತ್ರ. ಬೇರೆ ಗ್ಯಾಲಕ್ಸಿಗೆ ಆ ಆಂಟೆನಾ ಸಾಲದು. ನಮ್ಮ ಗೌರಿಬಿದನೂರಿನಲ್ಲಿ ಹರಡಿಕೊಂಡಿರುವ ದೊಡ್ಡ ರೇಡಿಯೊ ದೂರದರ್ಶಕವೂ ಇದಕ್ಕೆ ಆಗುವುದಿಲ್ಲ. ಅದನ್ನು ಕಟ್ಟಿದ್ದು 34.5 ಮೆಗಾಹರ್ಟ್ಸ್‌ಗೆ, ನಮಗೆ ಬೇಕಾದದ್ದು 1420. ಆ ಕೆಲಸಕ್ಕೆ ನಮ್ಮ ದೇಶದಲ್ಲಿ ಪುಣೆ ಹತ್ತಿರದ ಜಿಎಂಆರ್‌ಟಿ ಇದೆ. 45 ಮೀಟರ್ ಅಗಲದ 30 ಡಿಶ್‌ಗಳು.

1. ಗ್ಯಾಲಕ್ಸಿ ಆರಿಸಿ

ನಾನು ಎನ್‌ಜಿಸಿ 3198 ತೆಗೆದುಕೊಳ್ಳುತ್ತೇನೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಸುರುಳಿ ಗ್ಯಾಲಕ್ಸಿ. ವಿಲಿಯಂ ಹರ್ಷೆಲ್ 1788ರಲ್ಲಿ ಕಂಡದ್ದು. ಜೊತೆಗೆ ಹೋಲಿಕೆಗೆ ಎನ್‌ಜಿಸಿ 2841 ಇಟ್ಟುಕೊಳ್ಳೋಣ. ಅದೂ ಸಪ್ತರ್ಷಿ ಮಂಡಲದ ದಿಕ್ಕಿನಲ್ಲೇ ಇದೆ, ದೂರವೂ ಹೆಚ್ಚುಕಡಿಮೆ ಅಷ್ಟೇ. ಯಾಕೆ ಈ ಜೋಡಿ ಅನ್ನುವುದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ನೀವು ಬೇರೆ ಗ್ಯಾಲಕ್ಸಿ ಆರಿಸುವುದಾದರೆ, ಪೂರ್ತಿ ಅಂಚಿನ ಕಡೆಯಿಂದ ಕಾಣುವಂಥದ್ದನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ. ತಟ್ಟೆಯನ್ನು ಅಡ್ಡಲಾಗಿ ಹಿಡಿದು ನೋಡಿದ ಹಾಗೆ, ಮುಂದಿನ ಅನಿಲ ಹಿಂದಿನದನ್ನು ಮುಚ್ಚುತ್ತದೆ. ಲೆಕ್ಕದಲ್ಲಿ ಅನಿಲ ಕಡಿಮೆ ಬರುತ್ತದೆ.

2. ದೂರ: ಜಾಸ್ತಿ ಜನ ಎಡವುವ ಜಾಗ

ಎನ್‌ಜಿಸಿ 3198 ನಮ್ಮಿಂದ ಸೆಕೆಂಡಿಗೆ 660 ಕಿಲೋಮೀಟರ್ ವೇಗದಲ್ಲಿ ದೂರ ಹೋಗುತ್ತಿದೆ. ವಿಶ್ವ ಹಿಗ್ಗುವ ಲೆಕ್ಕದಲ್ಲಿ ಈ ವೇಗವನ್ನು 70ರಿಂದ ಭಾಗಿಸಿದರೆ ದೂರ ಸಿಗಬೇಕು, ಪಠ್ಯಪುಸ್ತಕದಲ್ಲಿ ಹಾಗೇ ಇದೆ. ಭಾಗಿಸಿ ನೋಡಿ: 9.4 ಮೆಗಾಪಾರ್ಸೆಕ್. (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಬೆಳಕಿನ ವರ್ಷ.)

ಆದರೆ ಸೆಫೀಡ್ ನಕ್ಷತ್ರಗಳಿಂದ ಅಳೆದ ದೂರ 13.8 ಮೆಗಾಪಾರ್ಸೆಕ್, ಅಂದರೆ ಸುಮಾರು 4.5 ಕೋಟಿ ಬೆಳಕಿನ ವರ್ಷ. ಸೆಫೀಡ್ ಅಂದರೆ ಮಿನುಗುವ ಕಾಲಕ್ಕೂ ನಿಜವಾದ ಹೊಳಪಿಗೂ ನೇರ ನಂಟಿರುವ ನಕ್ಷತ್ರ, ಹಾಗಾಗಿ ದೂರ ಅಳೆಯಲು ನಂಬಿಕೆಯ ದೀಪ. ಹತ್ತಿರದ ಗ್ಯಾಲಕ್ಸಿಗಳು ಅಕ್ಕಪಕ್ಕದ ಎಳೆತಕ್ಕೆ ಸಿಕ್ಕಿ ಅಡ್ಡಾದಿಡ್ಡಿ ಓಡಾಡುತ್ತಿರುತ್ತವೆ. ಹಾಗಾಗಿ ಅವುಗಳ ವೇಗ ನೋಡಿ ದೂರ ಹೇಳುವುದು ಮೋಸ.

ತೂಕದ ಲೆಕ್ಕದಲ್ಲಿ ದೂರದ ವರ್ಗ ಬರುತ್ತದೆ. 9.4ರ ವರ್ಗಕ್ಕೂ 13.8ರ ವರ್ಗಕ್ಕೂ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಂದೇ ಒಂದು ಅಂಕಿ ತಪ್ಪಿ ಅರ್ಧ ಗ್ಯಾಲಕ್ಸಿ ಮಾಯ! ಸುಮಾರು 15 ಮೆಗಾಪಾರ್ಸೆಕ್ ಒಳಗಿನ ಯಾವ ಗ್ಯಾಲಕ್ಸಿಗೂ ವೇಗದಿಂದ ದೂರ ತೆಗೆಯಬೇಡಿ. ಸೆಫೀಡ್ ಅಥವಾ ಕೆಂಪು ದೈತ್ಯ ನಕ್ಷತ್ರಗಳಿಂದ ಅಳೆದದ್ದು ಇದೆಯಾ ಅಂತ ನೆಡ್‌ನಲ್ಲಿ ಹುಡುಕಿ.

3. ನಕ್ಷತ್ರಗಳ ತೂಕ

ಕಣ್ಣಿಗೆ ಕಾಣುವ ನೀಲಿ ಬೆಳಕು ಇಲ್ಲಿ ದಾರಿ ತಪ್ಪಿಸುತ್ತದೆ. ಹೊಸದಾಗಿ ಹುಟ್ಟಿದ ನಾಲ್ಕು ದೊಡ್ಡ ನಕ್ಷತ್ರಗಳು ಇಡೀ ಮೊಹಲ್ಲಾಕ್ಕೆ ಕೇಳುವ ಹಾಗೆ ಕೂಗುತ್ತವೆ, ತೂಕ ಹೊತ್ತಿರುವ ಹಳೆಯ ಚಿಕ್ಕ ನಕ್ಷತ್ರಗಳು ಸುಮ್ಮನಿರುತ್ತವೆ. ಹಳೆಯವುಗಳ ದನಿ ಕೇಳಬೇಕಾದರೆ ಅವಗೆಂಪಿಗೆ ಹೋಗಬೇಕು. 3.6 ಮೈಕ್ರಾನ್ ಅಲೆಯುದ್ದ ಇದಕ್ಕೆ ಹೇಳಿ ಮಾಡಿಸಿದ್ದು. 2003ರಿಂದ 2020ರವರೆಗೆ ಕೆಲಸ ಮಾಡಿದ ಸ್ಪಿಟ್ಜರ್ ದೂರದರ್ಶಕದ ಚಿತ್ರಗಳು ಇದರಲ್ಲಿವೆ. ವೈಸ್ ಉಪಗ್ರಹದ 3.4 ಮೈಕ್ರಾನ್ ಚಿತ್ರವೂ ನಡೆಯುತ್ತದೆ, ಅದು ಇಡೀ ಆಕಾಶಕ್ಕೆ ಇದೆ.

ಎನ್‌ಜಿಸಿ 3198ರ ಹೊಳಪು 3.6 ಮೈಕ್ರಾನ್‌ನಲ್ಲಿ ಸುಮಾರು 7.5 ಮ್ಯಾಗ್ನಿಟ್ಯೂಡ್. ಮ್ಯಾಗ್ನಿಟ್ಯೂಡ್ ಅನ್ನುವುದು ಹೊಳಪಿನ ತಲೆಕೆಳಗಾದ ಅಳತೆ: ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. ಲೆಕ್ಕ ಹೀಗೆ:

ದೂರದ ತಿದ್ದುಪಡಿ = 5 × ಲಾಗ್ (ಪಾರ್ಸೆಕ್‌ನಲ್ಲಿ ದೂರ) − 5 = 30.7
ನಿಜವಾದ ಹೊಳಪು = 7.5 − 30.7 = −23.2
ಸೂರ್ಯನ ನಿಜವಾದ ಹೊಳಪು ಇದೇ ಅಲೆಯುದ್ದದಲ್ಲಿ = 3.24
ವ್ಯತ್ಯಾಸ = 26.44, ಅದನ್ನು 0.4ರಿಂದ ಗುಣಿಸಿದರೆ 10.58

10ರ ಘಾತ 10.58 ಅಂದರೆ ಸುಮಾರು 3,800 ಕೋಟಿ ಸೂರ್ಯರ ಬೆಳಕು. ಬೆಳಕಿನಿಂದ ತೂಕಕ್ಕೆ ಹೋಗಲು 0.5ರಿಂದ ಗುಣಿಸಿ. ನಕ್ಷತ್ರಗಳ ತೂಕ ಸುಮಾರು 1,900 ಕೋಟಿ.

ಈ 0.5 ಎಲ್ಲಿಂದ ಬಂತು? ಒಂದು ಸೂರ್ಯನಷ್ಟು ಅವಗೆಂಪು ಬೆಳಕಿಗೆ ಸರಾಸರಿ ಅರ್ಧ ಸೂರ್ಯನಷ್ಟು ತೂಕ ಅಂತ ನಕ್ಷತ್ರಗಳ ಹುಟ್ಟು-ಸಾವಿನ ಮಾದರಿಗಳಿಂದ ತೆಗೆದ ಅಂಕಿ ಅದು. ಕೆಲವರು 0.6 ಬಳಸುತ್ತಾರೆ. ನಡುವಿನ ಹಳೆಯ ಉಬ್ಬಿಗೆ 0.7 ಹಾಕುವ ರೂಢಿಯೂ ಇದೆ. ನೀವು ಯಾವುದನ್ನೇ ಹಾಕಿ, ಎಲ್ಲ ಗ್ಯಾಲಕ್ಸಿಗೂ ಅದನ್ನೇ ಹಾಕಿ, ಹಾಕಿದ್ದನ್ನು ಬರೆದಿಡಿ.

ಇಲ್ಲಿ ಮೂರು ಗುಂಡಿಗಳಿವೆ. ಒಂದು, ಮ್ಯಾಗ್ನಿಟ್ಯೂಡ್‌ನಲ್ಲಿ ವೇಗಾ ಮತ್ತು ಎಬಿ ಅಂತ ಎರಡು ಪದ್ಧತಿ ಇವೆ. ಸೇರು ಮತ್ತು ಕಿಲೋ ಬೆರೆಸಿದ ಹಾಗೆ ಇವನ್ನು ಬೆರೆಸಿದರೆ 3.6 ಮೈಕ್ರಾನ್‌ನಲ್ಲಿ 2.79ರ ವ್ಯತ್ಯಾಸ, ತೂಕದಲ್ಲಿ 13 ಪಟ್ಟು ತಪ್ಪು. ಮೇಲಿನ ಲೆಕ್ಕ ವೇಗಾ ಪದ್ಧತಿಯದ್ದು. ಎರಡು, ಚಿತ್ರದಲ್ಲಿ ಗ್ಯಾಲಕ್ಸಿಯ ಮೇಲೆ ಕೂತ ಹಾಗೆ ಕಾಣುವ ಚೂಪು ಚುಕ್ಕೆಗಳೆಲ್ಲ ನಮ್ಮ ಆಕಾಶಗಂಗೆಯ ನಕ್ಷತ್ರಗಳು. ನೀವೇ ಚಿತ್ರದಿಂದ ಹೊಳಪು ಅಳೆಯುವುದಾದರೆ ಅವನ್ನು ಮುಚ್ಚಿ ಅಳೆಯಿರಿ. ಮೂರು, ಬೇರೆಯವರ ಪಟ್ಟಿಯಿಂದ ತೂಕ ಎತ್ತಿಕೊಳ್ಳುವಾಗ ಅವರು ಚಿಕ್ಕ ನಕ್ಷತ್ರಗಳ ಎಣಿಕೆಗೆ ಸಾಲ್ಪೀಟರ್ ಸೂತ್ರ ಹಾಕಿದ್ದಾರಾ, ಕ್ರೂಪಾ ಅಥವಾ ಶಬ್ರಿಯೆ ಹಾಕಿದ್ದಾರಾ ನೋಡಿ. ಸಾಲ್ಪೀಟರ್‌ನಲ್ಲಿ ಅದೇ ಗ್ಯಾಲಕ್ಸಿ ಒಂದೂವರೆ ಪಟ್ಟು ಭಾರ ತೂಗುತ್ತದೆ.

ಧೂಳೂ 3.6 ಮೈಕ್ರಾನ್‌ನಲ್ಲಿ ಸ್ವಲ್ಪ ಹೊಳೆಯುತ್ತದೆ. ಮೊದಲ ಲೆಕ್ಕಕ್ಕೆ ಅದನ್ನು ಬಿಡಿ.

4. ಪರಮಾಣು ಜಲಜನಕ

ತಣ್ಣನೆಯ ಜಲಜನಕದ ಒಂಟಿ ಪರಮಾಣು ತೀರ ಅಪರೂಪಕ್ಕೊಮ್ಮೆ 21 ಸೆಂಟಿಮೀಟರ್ ಅಲೆಯುದ್ದದ ರೇಡಿಯೊ ಅಲೆ ಬಿಡುತ್ತದೆ. ಆವರ್ತನ 1420.4 ಮೆಗಾಹರ್ಟ್ಸ್. ನೆದರ್ಲೆಂಡ್ಸ್‌ನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಇದನ್ನು ಊಹಿಸಿದರು. 1951ರಲ್ಲಿ ಹಾರ್ವರ್ಡ್‌ನ ಇವೆನ್ ಮತ್ತು ಪರ್ಸೆಲ್ ಹಿಡಿದರು.

ಎನ್‌ಜಿಸಿ 3198ರ ರೇಡಿಯೊ ರೋಹಿತವನ್ನು ಒಮ್ಮೆ ತೆರೆದು ನೋಡಿ. ರೋಹಿತ ಅಂದರೆ ಯಾವ ಆವರ್ತನದಲ್ಲಿ ಎಷ್ಟು ಬಲ ಅನ್ನುವ ಗ್ರಾಫ್. ಗ್ಯಾಲಕ್ಸಿ ದೂರ ಹೋಗುತ್ತಿರುವುದರಿಂದ ಸಂಕೇತ 1420.4ರಲ್ಲಿ ಇರುವುದಿಲ್ಲ, 1417.3ರ ಸುತ್ತ ಇರುತ್ತದೆ. ಒಂದೇ ಗೆರೆಯಲ್ಲ, ಎಡಕ್ಕೂ ಬಲಕ್ಕೂ ಒಂದೊಂದು ಕೊಂಬು, ನಡುವೆ ತಗ್ಗು, ಎತ್ತಿನ ತಲೆಯ ಹಾಗೆ. ಗ್ಯಾಲಕ್ಸಿ ತಿರುಗುತ್ತಿದೆ, ಅಲ್ವಾ? ಒಂದು ಪಕ್ಕ ನಮ್ಮ ಕಡೆ ಬರುತ್ತದೆ, ಇನ್ನೊಂದು ಪಕ್ಕ ಆಚೆ ಹೋಗುತ್ತದೆ. ಕೊಂಬುಗಳ ನಡುವಿನ ಅಗಲ ಸುಮಾರು 1.4 ಮೆಗಾಹರ್ಟ್ಸ್. ತಿರುಗುವ ವೇಗ ಇದರಿಂದಲೇ ಗೊತ್ತಾಗುತ್ತದೆ. ಎಂಟನೇ ಹಂತಕ್ಕೆ ಅದು ಬೇಕು.

ಈ ಎತ್ತಿನ ತಲೆಯ ಒಟ್ಟು ವಿಸ್ತೀರ್ಣವೇ ನಮಗೆ ಬೇಕಾದ ಅಂಕಿ. ಅದರ ಏಕಮಾನ ಜಾನ್ಸ್ಕಿ ಕಿಲೋಮೀಟರ್ ಪ್ರತಿ ಸೆಕೆಂಡ್. ಜಾನ್ಸ್ಕಿ ಅನ್ನುವುದು ರೇಡಿಯೊ ಬಲದ ಅಳತೆ. ಥಿಂಗ್ಸ್ ಕೊಟ್ಟ ಅಂಕಿ 227. ಸೂತ್ರ:

ಜಲಜನಕದ ತೂಕ = 2.356 × 10⁵ × (ಮೆಗಾಪಾರ್ಸೆಕ್‌ನಲ್ಲಿ ದೂರ)² × ಒಟ್ಟು ಸಂಕೇತ
= 2.356 × 10⁵ × 190.4 × 227
= ಸುಮಾರು 1,020 ಕೋಟಿ

ಎಚ್ಚರ ಎಲ್ಲಿ ಬೇಕು? ವಿಎಲ್‌ಎ, ಜಿಎಂಆರ್‌ಟಿಯಂಥ ಹಲವು ಡಿಶ್‌ಗಳ ದೂರದರ್ಶಕಗಳು ಸಣ್ಣ ವಿವರ ಚೆನ್ನಾಗಿ ಹಿಡಿಯುತ್ತವೆ. ಆಕಾಶದಲ್ಲಿ ತುಂಬ ಅಗಲವಾಗಿ, ತೆಳ್ಳಗೆ ಹರಡಿದ ಅನಿಲ ಅವುಗಳ ಕೈಯಿಂದ ಜಾರುತ್ತದೆ. ಆದ್ದರಿಂದ ಅದೇ ಗ್ಯಾಲಕ್ಸಿಗೆ ಒಂಟಿ ಡಿಶ್ ಕೊಟ್ಟ ಅಂಕಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಒಂಟಿ ಡಿಶ್‌ಗೆ ಬೇರೆ ರೋಗ: ಅಕ್ಕಪಕ್ಕದ ಗ್ಯಾಲಕ್ಸಿಯೂ ಅದರ ನೋಟದೊಳಗೆ ಬಂದುಬಿಡಬಹುದು. ಇನ್ನು ಎನ್‌ಜಿಸಿ 2403ರಂಥ ಹತ್ತಿರದವು ನಮ್ಮಿಂದ ದೂರ ಹೋಗುವ ವೇಗವೇ ತೀರ ಕಡಿಮೆ, ಸೆಕೆಂಡಿಗೆ ಸುಮಾರು 130 ಕಿಲೋಮೀಟರ್. ಅವುಗಳ ಒಂದು ಕೊಂಬು ನಮ್ಮ ಆಕಾಶಗಂಗೆಯ ಜಲಜನಕದ ಸಂಕೇತದ ಮೇಲೆಯೇ ಬಂದು ಕೂರುತ್ತದೆ.

ಆಲ್ಫಾಲ್ಫಾ ಸಮೀಕ್ಷೆಯಲ್ಲಿ ಹುಡುಕಿದೆ, ಎನ್‌ಜಿಸಿ 3198 ಸಿಗಲಿಲ್ಲ ಅನ್ನಬೇಡಿ. ಅರೆಸಿಬೊ ದೂರದರ್ಶಕದ ಆ ಸಮೀಕ್ಷೆ ಆಕಾಶದ 0ಯಿಂದ 36 ಡಿಗ್ರಿವರೆಗಿನ ಪಟ್ಟಿಗೆ ಮಾತ್ರ. ನಮ್ಮ ಗ್ಯಾಲಕ್ಸಿ 45ರ ಮೇಲಿದೆ.

5. ಅಣು ಜಲಜನಕ

ನಕ್ಷತ್ರಗಳು ಹುಟ್ಟುವುದು ಜಲಜನಕದ ಪರಮಾಣುಗಳು ಜೋಡಿಯಾಗಿ ಅಣುವಾದ ದಟ್ಟ ಮೋಡಗಳಲ್ಲಿ. ತೊಂದರೆ ಏನೆಂದರೆ ತಣ್ಣನೆಯ ಜಲಜನಕದ ಅಣು ಏನನ್ನೂ ಹೊರಹಾಕುವುದಿಲ್ಲ ಅನ್ನಬಹುದು. ಅದಕ್ಕೇ ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್‌ನ 2.6 ಮಿಲಿಮೀಟರ್ ಅಲೆಯನ್ನು ಹಿಡಿದು, ಒಂದು ಗುಣಕದಿಂದ ಅಣು ಅನಿಲದ ತೂಕ ಊಹಿಸುತ್ತಾರೆ. ಆಕಾಶಗಂಗೆಗೆ ಒಪ್ಪಿದ ಗುಣಕ ಸುಮಾರು 4.35. ಇದರಲ್ಲಿ ಹೀಲಿಯಂ ಆಗಲೇ ಸೇರಿದೆ, ನೆನಪಿಡಿ.

ಎನ್‌ಜಿಸಿ 3198ಕ್ಕೆ ಬರುವ ಉತ್ತರ ಸುಮಾರು 60 ಕೋಟಿ. ಪರಮಾಣು ಜಲಜನಕದ ಮುಂದೆ ಇದು ಚಿಲ್ಲರೆ. ಆದರೆ ಎಲ್ಲ ಗ್ಯಾಲಕ್ಸಿಯಲ್ಲೂ ಹಾಗಲ್ಲ. ಎಂ51, ಅಂದರೆ ವರ್ಲ್‌ಪೂಲ್ ಗ್ಯಾಲಕ್ಸಿಯಲ್ಲಿ ಅಣು ಅನಿಲ ಹೆಚ್ಚುಕಡಿಮೆ ಪರಮಾಣು ಅನಿಲದಷ್ಟೇ ಇದೆ. ಅಲ್ಲಿ ಈ ಹಂತ ಬಿಟ್ಟರೆ ಅರ್ಧ ಅನಿಲ ಬಿಟ್ಟಂತೆ.

ಈ ಗುಣಕವನ್ನು ನಾನು ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ಭಾರದ ಮೂಲವಸ್ತುಗಳು ಕಡಿಮೆ ಇರುವ ಪುಟ್ಟ ಗ್ಯಾಲಕ್ಸಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಬೇಗ ಒಡೆದುಹೋಗುತ್ತದೆ, ಅಣು ಜಲಜನಕ ಇದ್ದರೂ ಇಲ್ಲದ ಹಾಗೆ ಕಾಣುತ್ತದೆ. ದೊಡ್ಡ ಸುರುಳಿಗಳಿಗೆ ಪರವಾಗಿಲ್ಲ. ಇನ್ನೊಂದು: ಕೆಲವು ಪಟ್ಟಿಗಳಲ್ಲಿ ಇರುವುದು 2.6 ಅಲ್ಲ, 1.3 ಮಿಲಿಮೀಟರ್ ಗೆರೆ. ಅದು ಸಾಮಾನ್ಯವಾಗಿ 2.6ರದ್ದರ ಮೂರರಲ್ಲಿ ಎರಡು ಭಾಗದಷ್ಟು. ಪರಿವರ್ತಿಸಿಯೇ ಗುಣಕ ಹಾಕಿ.

6. ಹೀಲಿಯಂ ಸೇರಿಸಿ, ಕೂಡಿಸಿ

ಜಲಜನಕದ ಜೊತೆ ಹೀಲಿಯಂ ಇದ್ದೇ ಇರುತ್ತದೆ. ಅದಕ್ಕೆ 1.36ರಿಂದ ಗುಣಿಸುತ್ತಾರೆ, ಕೆಲವರು 1.33.

1,020 × 1.36 = ಸುಮಾರು 1,390 ಕೋಟಿ
ಅಣು ಅನಿಲ (ಹೀಲಿಯಂ ಸೇರಿಯೇ ಇದೆ) = 60 ಕೋಟಿ
ಒಟ್ಟು ಅನಿಲ = 1,450 ಕೋಟಿ

ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ಅಣು ಅನಿಲಕ್ಕೂ ಇನ್ನೊಮ್ಮೆ 1.36 ಹಾಕಿಬಿಟ್ಟಿದ್ದೆ. ಈ ಗ್ಯಾಲಕ್ಸಿಯಲ್ಲಿ ಅದು ಗೊತ್ತೇ ಆಗಲಿಲ್ಲ. ಎಂ51ಕ್ಕೆ ಹೋದಾಗ ಬಯಲಾಯಿತು. ಪ್ರತಿ ಅಂಕಿಯ ಪಕ್ಕ "ಹೀ ಸೇರಿದೆ", "ಹೀ ಸೇರಿಲ್ಲ" ಅಂತ ಬರೆದುಕೊಳ್ಳಿ.

7. ಅನುಪಾತ: ಇಲ್ಲಿ ಸ್ವಲ್ಪ ನಿಲ್ಲಿ

ಅನಿಲ 1,450, ನಕ್ಷತ್ರ 1,900. ಭಾಗಿಸಿದರೆ 0.76. ನಕ್ಷತ್ರಗಳ ಮುಕ್ಕಾಲು ತೂಕದಷ್ಟು ಅನಿಲ ಇನ್ನೂ ಉಳಿದಿದೆ. ಈ ಗ್ಯಾಲಕ್ಸಿ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಸೂರ್ಯನಷ್ಟು ನಕ್ಷತ್ರ ಮಾಡುತ್ತದೆ. ಇದೇ ನಿಧಾನದಲ್ಲಿ ಹೋದರೆ ಹಿಟ್ಟು ಇನ್ನೂ 1,400 ಕೋಟಿ ವರ್ಷಕ್ಕೆ ಸಾಕು. ವಿಶ್ವಕ್ಕೆ ಈಗ ವಯಸ್ಸು 1,380 ಕೋಟಿ!

ಈಗ ಎನ್‌ಜಿಸಿ 2841. ದೂರ 14.1 ಮೆಗಾಪಾರ್ಸೆಕ್. ಪರಮಾಣು ಜಲಜನಕ ಸುಮಾರು 860 ಕೋಟಿ, ಹೀಲಿಯಂ ಮತ್ತು ಅಣು ಅನಿಲ ಸೇರಿಸಿ 1,200 ಕೋಟಿ. ಎನ್‌ಜಿಸಿ 3198ಕ್ಕಿಂತ ಸ್ವಲ್ಪವೇ ಕಡಿಮೆ. ಆದರೆ ನಕ್ಷತ್ರಗಳು? ಅದೇ 0.5 ಹಾಕಿದರೆ ಸುಮಾರು 9,400 ಕೋಟಿ. ಅನುಪಾತ 0.13. ಎರಡು ಮನೆಯ ಡಬ್ಬದಲ್ಲೂ ಹಿಟ್ಟು ಹೆಚ್ಚುಕಡಿಮೆ ಒಂದೇ, ಒಂದು ಮನೆಯಲ್ಲಿ ಮಾತ್ರ ಐದು ಪಟ್ಟು ರೊಟ್ಟಿ ಸುಟ್ಟಾಗಿದೆ.

ಹತ್ತಿರದ ಸುರುಳಿಗಳ ಒಟ್ಟು ಚಿತ್ರ ಇದೇ. ನಕ್ಷತ್ರಗಳ ತೂಕ ಏರಿದಷ್ಟು ವೇಗವಾಗಿ ಅನಿಲದ ತೂಕ ಏರುವುದಿಲ್ಲ. ಹಾಗಾಗಿ ದೊಡ್ಡ ಗ್ಯಾಲಕ್ಸಿಗಳಲ್ಲಿ ಅನುಪಾತ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ ಡಿಡಿಒ 154ರಂಥ ಕುಬ್ಜ ಗ್ಯಾಲಕ್ಸಿಗಳಿವೆ. ಅವು ಸುರುಳಿಯಲ್ಲ, ಆದರೆ ಅಲ್ಲಿ ಅನಿಲ ನಕ್ಷತ್ರಗಳ ಹತ್ತು ಪಟ್ಟಿಗಿಂತ ಜಾಸ್ತಿ. ಆದರೂ ಮೂರು ಚುಕ್ಕೆ ಇಟ್ಟು ಗೆರೆ ಎಳೆಯಬೇಡಿ. ಎನ್‌ಜಿಸಿ 2403ರಲ್ಲಿ ನಕ್ಷತ್ರ ಬರೀ 500 ಕೋಟಿ, ಅನಿಲ 350 ಕೋಟಿ, ಅನುಪಾತ 0.7. ಎನ್‌ಜಿಸಿ 3198ರ ಕಾಲು ಭಾಗದಷ್ಟು ತೂಕ, ಅನುಪಾತ ಮಾತ್ರ ಹೆಚ್ಚುಕಡಿಮೆ ಅದೇ. ಒಂದೇ ತೂಕದ ಎರಡು ಸುರುಳಿಗಳಲ್ಲಿ ಅನಿಲ ಎರಡು ಮೂರು ಪಟ್ಟು ಬೇರೆ ಇರುವುದು ಮಾಮೂಲು.

ಹಿಟ್ಟಿನ ಹೋಲಿಕೆಯನ್ನು ತುಂಬ ಎಳೆಯಲೂ ಬೇಡಿ. ಗ್ಯಾಲಕ್ಸಿಯ ಡಬ್ಬಕ್ಕೆ ಮುಚ್ಚಳ ಇಲ್ಲ. ಹೊರಗಿನಿಂದ ಹೊಸ ಅನಿಲ ಬೀಳುತ್ತಿರುತ್ತದೆ, ಒಳಗಿನದು ಹೊರಗೂ ಹೋಗುತ್ತದೆ.

ಎರಡನೇ ಹಂತದ ದೂರದ ತಲೆನೋವು ನೆನಪಿದೆಯಾ? ಅನಿಲದ ತೂಕಕ್ಕೂ ದೂರದ ವರ್ಗ, ನಕ್ಷತ್ರಗಳ ತೂಕಕ್ಕೂ ದೂರದ ವರ್ಗ. ಭಾಗಿಸಿದಾಗ ಎರಡೂ ಹೊಡೆದುಹೋಗುತ್ತವೆ. 13.8ರ ಬದಲು 9.4 ಹಾಕಿದ್ದರೂ ಅನುಪಾತ 0.76ರಲ್ಲೇ ಇರುತ್ತಿತ್ತು. ದೂರದ ಮೇಲೆ ನಂಬಿಕೆ ಇಲ್ಲದ ಗ್ಯಾಲಕ್ಸಿಗೆ ತೂಕ ಹೇಳಲು ಹೋಗಬೇಡಿ, ಅನುಪಾತ ಹೇಳಿ.

8. ತಾಳೆ ನೋಡಿ

ಉತ್ತರ ಸರಿಯಾ ಅಂತ ನೋಡಲು ದೂರ ಬೇಡದ ಒಂದು ಅಳತೆ ಇದೆ: ತಿರುಗುವ ವೇಗ. ನಕ್ಷತ್ರ ಮತ್ತು ಅನಿಲ ಕೂಡಿಸಿದ ತೂಕ ಆ ವೇಗದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಇದಕ್ಕೆ ಬೇರಿಯಾನಿಕ್ ಟಲಿ–ಫಿಶರ್ ನಂಟು ಅಂತ ಹೆಸರು. ಸೆಕೆಂಡಿಗೆ ಕಿಲೋಮೀಟರ್‌ನಲ್ಲಿ ವೇಗ ಹಾಕಿ, ನಾಲ್ಕನೇ ಘಾತ ತೆಗೆದು, 47ರಿಂದ ಗುಣಿಸಿ.

ಎನ್‌ಜಿಸಿ 3198ರ ವೇಗ 150. ಬರುವ ಉತ್ತರ ಸುಮಾರು 2,400 ಕೋಟಿ. ನಮ್ಮ ಲೆಕ್ಕ 1,900 + 1,450 = 3,350. ಪರವಾಗಿಲ್ಲ, ಒಂದೂವರೆ ಪಟ್ಟಿನ ಒಳಗಿದೆ. ಎನ್‌ಜಿಸಿ 2841ಕ್ಕೆ ವೇಗ 285 ಹಾಕಿ. 31,000 ಕೋಟಿ ಅನ್ನುತ್ತದೆ, ನಮ್ಮದು 10,600. ಹೆದರಬೇಡಿ, ನಿಮ್ಮ ಲೆಕ್ಕ ತಪ್ಪಿಲ್ಲ. ಈ ಗ್ಯಾಲಕ್ಸಿ ನಿಯಮಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಅನ್ನುವುದು ಹಳೆಯ ತಕರಾರು. ಬೆಳಕಿನಿಂದ ತೂಕಕ್ಕೆ ಹೋಗುವ 0.5 ಇಲ್ಲಿ ಕಡಿಮೆಯಾಯಿತಾ, ದೂರ ಇನ್ನೂ ಜಾಸ್ತಿಯಾ ಅಂತ ಚರ್ಚೆ ನಡೆದೇ ಇದೆ. ಈ ತಾಳೆ ಹಿಡಿಯುವುದು ಹತ್ತು ಪಟ್ಟಿನ ತಪ್ಪುಗಳನ್ನು, ಎಬಿ-ವೇಗಾ ಗೊಂದಲದಂಥವನ್ನು. ಶೇಕಡಾ 30ರ ತಪ್ಪು ಇದರಲ್ಲಿ ಕಾಣುವುದಿಲ್ಲ.

9. ಗ್ರಾಫ್ ಹಾಕುವಾಗ

ಹತ್ತಿಪ್ಪತ್ತು ಗ್ಯಾಲಕ್ಸಿ ಆದ ಮೇಲೆ ಗ್ರಾಫ್ ಹಾಕುವ ಆಸೆ ಬರುತ್ತದೆ. ಎರಡೂ ಅಕ್ಷ ಲಾಗ್‌ನಲ್ಲಿರಲಿ.

ಅನಿಲದ ತೂಕ ಒಂದು ಅಕ್ಷ, ನಕ್ಷತ್ರಗಳ ತೂಕ ಇನ್ನೊಂದು ಅಕ್ಷ ಹಾಕಿದರೆ ಚೆಂದದ ಗೆರೆ ಬಂದೇ ಬರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಸುಳ್ಳು. ಎರಡೂ ಅಕ್ಷದಲ್ಲಿ ದೂರದ ವರ್ಗ ಕೂತಿದೆ, ದೂರದ ತಪ್ಪು ಚುಕ್ಕೆಯನ್ನು ಎರಡೂ ಕಡೆ ಒಟ್ಟಿಗೆ ಎಳೆಯುತ್ತದೆ. ಸರಿ, ಅನುಪಾತ ಒಂದು ಅಕ್ಷ, ನಕ್ಷತ್ರಗಳ ತೂಕ ಇನ್ನೊಂದು ಅಂತ ಹಾಕಿದರೆ? ಈಗ ನಕ್ಷತ್ರಗಳ ತೂಕ ಎರಡೂ ಕಡೆ ಬಂತು. ಅದನ್ನು ಜಾಸ್ತಿ ಅಳೆದರೆ ಚುಕ್ಕೆ ಬಲಕ್ಕೂ ಕೆಳಕ್ಕೂ ಒಟ್ಟಿಗೆ ಜಾರುತ್ತದೆ, ಇಳಿಯುವ ಗೆರೆ ತಾನಾಗೇ ಹುಟ್ಟುತ್ತದೆ. ನಾನು ಎರಡನೆಯದನ್ನೇ ಹಾಕುತ್ತೇನೆ, ಆದರೆ ಮೂಲೆಯಲ್ಲಿ ಒಂದು ಓರೆ ಬಾಣ ಬರೆಯುತ್ತೇನೆ: ನಕ್ಷತ್ರಗಳ ತೂಕ ಒಂದೂವರೆ ಪಟ್ಟು ತಪ್ಪಿದರೆ ಚುಕ್ಕೆ ಎತ್ತ, ಎಷ್ಟು ಜಾರುತ್ತದೆ ಅಂತ.

ಕೊನೆಯ ಗುಂಡಿ ಗ್ಯಾಲಕ್ಸಿಗಳ ಆಯ್ಕೆಯದ್ದು. 21 ಸೆಂಟಿಮೀಟರ್‌ನಲ್ಲಿ ಸಿಕ್ಕವನ್ನೇ ಸೇರಿಸಿದ ಪಟ್ಟಿಯಲ್ಲಿ ಅನಿಲ ಇಲ್ಲದ ಗ್ಯಾಲಕ್ಸಿ ಇರುವುದಕ್ಕೇ ಸಾಧ್ಯವಿಲ್ಲ. ಸ್ಪಿಟ್ಜರ್‌ನ ಹತ್ತಿರದ ಗ್ಯಾಲಕ್ಸಿಗಳ ದೊಡ್ಡ ಸಮೀಕ್ಷೆಯಲ್ಲೂ ಮೊದಲ ಆಯ್ಕೆ ರೇಡಿಯೊ ವೇಗ ಗೊತ್ತಿದ್ದವುಗಳಿಗೇ ಆದದ್ದರಿಂದ ಅನಿಲ ಬತ್ತಿದವು ಆಚೆ ಉಳಿದಿದ್ದವು. ನಿಮ್ಮ ಪಟ್ಟಿಯಲ್ಲಿ ಸಂಕೇತ ಸಿಗದ ಗ್ಯಾಲಕ್ಸಿ ಇದ್ದರೆ ಅಳಿಸಬೇಡಿ. "ಇದಕ್ಕಿಂತ ಜಾಸ್ತಿ ಇಲ್ಲ" ಅನ್ನುವ ಮಿತಿ ಲೆಕ್ಕ ಹಾಕಿ, ಚುಕ್ಕೆಯ ಬದಲು ಕೆಳಮುಖದ ಬಾಣ ಹಾಕಿ.